ಕೆರಿ ಬಾತುಗಳ ಫೋಟೋ: ಲೆನ್ಸ್ ಆಮ್ಯಾಲ, ಮೊದ್ಲ ದಂಡಿ ಆರಿಸ್ರಿ

ಚಳಿಗಾಲ ಬಂತಂದ್ರ ನಮ್ಮ ಕೊಪ್ಪಳ, ಬಳ್ಳಾರಿ, ರಾಯಚೂರು ಕಡಿ ಬಾತುಗಳಿಗೆ ಬರ ಇಲ್ಲ. ತುಂಗಭದ್ರಾ ಡ್ಯಾಮಿನ ಹಿನ್ನೀರು, ಸಂಡೂರು ತಾಲ್ಲೂಕಿನ ದರೋಜಿ ಕೆರಿ, ಎಡದಂಡೆ ಕಾಲುವಿ ನೀರು ಉಣ್ಣೋ ಗಂಗಾವತಿ-ಸಿಂಧನೂರು ಗದ್ದಿಗಳು, ಕಂಪ್ಲಿ-ಸಿರುಗುಪ್ಪ ಕಡಿ ಭತ್ತದ ಹೊಲ, ಇವು ಬಿಟ್ರ ಊರಿಗೊಂದು ಸಣ್ಣ ಕೆರಿ ಇದ್ದ ಇರ್ತೈತಿ. ಇಷ್ಟೆಲ್ಲಾ ಇದ್ರೂ ಹೊಸದಾಗಿ ಕ್ಯಾಮೆರಾ ತಗೊಂಡವರ ಫೋಟೋ ನೋಡಿದ್ರ ಬಹಳಷ್ಟು ಒಂದ ನಮೂನಿ ಇರ್ತಾವ, ನಡು ನೀರಾಗ ಒಂದು ಕರಿ ಚುಕ್ಕಿ, ಇಲ್ಲಾಂದ್ರ ಹಾರಿ ಹೋಗೋ ಬಾತಿನ ಹಿಂಭಾಗ. ಆಮ್ಯಾಲ ಕೇಳೋ ಪ್ರಶ್ನಿನೂ ಒಂದ, "ಅಣ್ಣಾ, ಯಾವ ಲೆನ್ಸ್ ತಗೋಬೇಕು?" ಲೆನ್ಸ್ ಮಾತು ಮುಂದ ಬರ್ತೈತಿ, ಅದಕ್ಕಿಂತ ಮೊದ್ಲ ನೀವು ಕೆರಿಯ ಯಾವ ದಂಡಿಗೆ ಕುಂತಿದ್ರಿ ಅಂತ ಹೇಳ್ರಿ, ಯಾಕಂದ್ರ ಬಾತಿನ ಫೋಟೋ ಅರ್ಧಕ್ಕರ್ಧ ಅಲ್ಲೇ ನಿರ್ಧಾರ ಆಗಿಬಿಡ್ತೈತಿ.

ಲೆಕ್ಕ ಹಿಂಗೈತಿ ನೋಡ್ರಿ. ಬಾತು ನೀರ ಮ್ಯಾಲಿಂದ ಏಳೋದು, ಬಂದು ಇಳಿಯೋದು ಎರಡೂ ಗಾಳಿಗೆ ಮುಖ ಕೊಟ್ಟ. ಸುಮ್ನ ನಿದ್ದಿ ಮಾಡ್ಕೋತ ತೇಲೋವಾಗ್ಲೂ ಬಹಳಷ್ಟು ಸಲ ಗಾಳಿ ಬರೋ ಕಡೀನ ಮುಖ ಮಾಡಿರ್ತೈತಿ, ಇಲ್ಲಾಂದ್ರ ಪುಕ್ಕ ಕೆದರ್ತಾವ. ಹಂಗಾಗಿ ಗಾಳಿ ನಿಮ್ಮ ಬೆನ್ನ ಹಿಂದಿಂದ ಬರಾಕತ್ತಿತ್ತು ಅಂದ್ರ ಬಾತಿನ ಮುಖ ನಿಮ್ಮ ಕಡಿ, ಗಾಳಿ ನಿಮ್ಮ ಮುಖಕ್ಕ ಬಡಿಯಾಕತ್ತಿತ್ತು ಅಂದ್ರ ನಿಮಗ ಸಿಗೋದು ಬಾಲ. ಇದ್ರ ಜೊತಿಗೆ ಬೆಳಕು ಸೇರಿಸ್ರಿ. ನವೆಂಬರದಿಂದ ಜನವರಿ ತನಕ ನಮ್ಮ ಕಡಿ ಗಾಳಿ ಸಾಮಾನ್ಯವಾಗಿ ಮೂಡಣ ಇಲ್ಲಾ ಈಶಾನ್ಯದಿಂದ ಬೀಸ್ತೈತಿ, ಸೂರ್ಯನೂ ಮುಂಜಾನಿ ಆ ಕಡೀನ, ಸ್ವಲ್ಪ ದಕ್ಷಿಣಕ್ಕ ವಾಲಿ ಹುಟ್ತಾನ. ಅಂದ್ರ ಚಳಿಗಾಲದ ಮುಂಜಾನಿ ಕೆರಿಯ ಮೂಡಣ ದಂಡಿಗೆ, ಪಡುವಣಕ್ಕ ಮುಖ ಮಾಡಿ ಕುಂತ್ರ ಬಿಸಿಲೂ ಬೆನ್ನಿಗೆ, ಗಾಳಿನೂ ಬೆನ್ನಿಗೆ, ಬಾತು ಎದ್ರೂ ಇಳಿದ್ರೂ ಕಣ್ಣಾಗ ಬೆಳಕು ತುಂಬ್ಕೊಂಡು ನಿಮ್ಮ ಕಡೀನ ಬರ್ತೈತಿ. ಇಷ್ಟು ಒಳ್ಳೆ ಜೋಡಿ ವರ್ಷದಾಗ ಬ್ಯಾರೆ ಟೈಮ್‌ನ್ಯಾಗ ಸಿಗೋದು ಕಷ್ಟ.

ಅದ ದಿನ ಸಂಜಿ ಏನಾಗ್ತೈತಿ? ಬೆಳಕು ಪಡುವಣಕ್ಕ ಹೋಗಿರ್ತೈತಿ, ಗಾಳಿ ಇನ್ನೂ ಮೂಡಣದ್ದ. ನೀವು ಬೆಳಕಿಗಂತ ಪಡುವಣ ದಂಡಿಗೆ ಹೋದ್ರ ಬಾತು ನಿಮಗ ಬೆನ್ನು ತಿರುಗಿಸಿ ಏಳ್ತಾವ. ಅದಕ್ಕ ಚಳಿಗಾಲದ ಸಂಜಿ ನಾನು ಹಾರೋ ಫೋಟೋ ಆಸೆ ಇಟ್ಕೊಳ್ಳೋದಿಲ್ಲ, ತೇಲೋವು ಸಿಕ್ರ ಸಾಕು, ಇಲ್ಲಾ ಕೆಂಪು ಆಕಾಶದ ಮುಂದ ಸಿಲೌಟ್, ಅಂದ್ರ ಬರೀ ಕರಿ ಆಕಾರ. ಮಳಿಗಾಲದಾಗ ಪೂರಾ ಉಲ್ಟಾ, ಜೂನ್‌ದಿಂದ ಸೆಪ್ಟೆಂಬರ್ ಗಾಳಿ ಪಡುವಣದ್ದು, ಅವಾಗ ಇಲ್ಲೇ ಇರೋ ಸ್ಪಾಟ್ ಬಿಲ್, ಸಿಳ್ಳೆ ಬಾತು ತೆಗೀಬೇಕಂದ್ರ ಮೋಡ ಬಿಟ್ಟ ಸಂಜಿ ಪಡುವಣ ದಂಡಿ ಹಿಡೀರಿ. ಮೊಬೈಲ್‌ನ್ಯಾಗ ಮ್ಯಾಪ್ ತೆಗೆದು ಕೆರಿ ಯಾವ ಕಡಿ ಹೆಂಗೈತಿ ಅಂತ ಮನ್ಯಾಗ ಕುಂತ ನೋಡ್ಕೊಂಡು ಹೋಗ್ರಿ, ಹವಾಮಾನದ ಆ್ಯಪ್‌ನ್ಯಾಗ ಗಾಳಿ ದಿಕ್ಕೂ ಇರ್ತೈತಿ, ಕೆರಿಗೆ ಹೋಗಿ ಹುಡುಕೋ ಹೊತ್ತಿಗೆ ಒಳ್ಳೆ ಬೆಳಕು ಮುಗದಿರ್ತೈತಿ.

ಡ್ಯಾಮಿನ ಹಿನ್ನೀರಿಗೆ ಒಂದು ಮಾತು ಬ್ಯಾರೇನ ಹೇಳಬೇಕು. ಕೊಪ್ಪಳ ಕಡಿ ದಂಡಿ ನದಿಯ ಎಡಕ್ಕ ಬರೋದ್ರಿಂದ ಅಲ್ಲಿ ನಿಂತು ನೀರು ನೋಡಿದ್ರ ಮುಂಜಾನಿ ಸೂರ್ಯ ಎದುರಿಗೇ ಬರ್ತಾನ. ಹಂಗಂತ ಬಿಟ್ಟುಬಿಡಬ್ಯಾಡ್ರಿ, ನೀರು ಇಳಿದಂಗ ನೆಲ ಬೆರಳಿನಂಗ ಒಳಗ ಚಾಚಿರ್ತೈತಿ, ಅಂಥಾ ಕಡಿ ಹೋಗಿ ತಿರುಗಿ ಪಡುವಣಕ್ಕ ಮುಖ ಮಾಡಾಕ ಜಾಗ ಸಿಗ್ತೈತಿ. ಡ್ಯಾಮ್ ಆಗಸ್ಟ್-ಸೆಪ್ಟೆಂಬರ್ ಹೊತ್ತಿಗೆ ತುಂಬಿದಾಗ ನೀರು ಆಳ, ಹಕ್ಕಿ ದೂರ. ಜನವರಿ-ಫೆಬ್ರವರಿ ಹೊತ್ತಿಗೆ ನೀರು ಹಿಂದ ಸರಿದು ರಾಡಿ ಮತ್ತ ತೆಳು ನೀರು ಉಳಿದಾಗ ತಲಿ ಮುಳುಗಿಸಿ ಮೇಯೋ ಬಾತುಗಳು ದಂಡಿಗೆ ಬರ್ತಾವ, ಅದ ಸರಿಯಾದ ಟೈಮು.

ತಿಂಗಳ ವಿಚಾರ ಬಂತಂತ ಇದನ್ನೂ ಹೇಳಿಬಿಡ್ತೀನಿ, ಉತ್ತರದಿಂದ ಬರೋ ಪಿನ್‌ಟೇಲ್, ಶೊವೆಲರ್, ಗಾರ್ಗನಿ, ವಿಜನ್, ಕಾಮನ್ ಟೀಲ್ ಇವೆಲ್ಲಾ ಸೆಪ್ಟೆಂಬರ್-ಅಕ್ಟೋಬರ್‌ದಾಗ ಬಂದಾಗ ಗಂಡೂ ಹೆಣ್ಣಿನಂಗ ಕಂದು ಕಂದು ಇರ್ತಾವ, ಹಳಿ ಬಣ್ಣದ ಪುಕ್ಕ ಉದುರಿ ಹೊಸದು ಇನ್ನೂ ಪೂರಾ ಬಂದಿರೋದಿಲ್ಲ. "ಶೊವೆಲರ್‌ಗೆ ಹಸಿರು ತಲಿ ಅಂತಾರ, ಇಲ್ಲಿ ಒಂದೂ ಕಾಣ್ಸವಲ್ದು" ಅಂತ ಅಕ್ಟೋಬರ್‌ದಾಗ ಬೇಜಾರ ಮಾಡ್ಕೊಂಡವರು ಡಿಸೆಂಬರ್ ಕೊನಿಗೆ ಮತ್ತ ಹೋಗಿ ನೋಡ್ರಿ. ಗಂಡು ಬಾತಿನ ಬಣ್ಣದ ಫೋಟೋಕ್ಕ ಡಿಸೆಂಬರ್ ಅರ್ಧದಿಂದ ಫೆಬ್ರವರಿ, ಮಾರ್ಚ್‌ನ್ಯಾಗ ಬಹಳಷ್ಟು ಹೊಂಟು ಹೋಗ್ತಾವ.

ಇನ್ನ ಹತ್ರ ಹೋಗೋದು ಹೆಂಗ. ನನ್ನ ಪ್ರಕಾರ ಹತ್ರ ಹೋಗೋದ ತಪ್ಪು ಐಡಿಯಾ, ಅವು ಬರೋ ಜಾಗಕ್ಕ ಮೊದ್ಲ ಹೋಗಿ ಕುಂದ್ರಬೇಕು. ಸೂರ್ಯ ಹುಟ್ಟೋಕಿಂತ ಅರ್ಧ ತಾಸು ಮೊದ್ಲ, ಅಂದ್ರ ಜನವರಿಯಾಗ ಆರೂಕಾಲರ ಹೊತ್ತಿಗೆ ದಂಡಿಗೆ ಕುಂತಿರಬೇಕು, ಕತ್ತಲಾಗ ನೀವು ಬಂದಿದ್ದಕ್ಕ ಹೆದರಿ ಸರಿದ್ರೂ ಬೆಳಕು ಹರಿಯೋದ್ರೊಳಗ ತಿರುಗಿ ಬರ್ತಾವ. ಎಲ್ಲಿ ಬರ್ತಾವ ಅನ್ನೋದಕ್ಕ ಹಿಂದಿನ ದಿನ ದಂಡಿ ರಾಡಿ ನೋಡ್ರಿ, ಜಾಲಪಾದದ ಗುರ್ತು, ಉದುರಿದ ಪುಕ್ಕ, ಹಿಕ್ಕಿ ಬಿದ್ದಿದ್ರ ಅಲ್ಲೇ ಏರಿ ಕುಂತು ಕೊಕ್ಕಿನಿಂದ ಪುಕ್ಕ ನೇವರಿಸ್ಕೊಳ್ತಾವ ಅಂತ ಅರ್ಥ. ನೀವು ಮರೆಯಾಗಿ ಕುಂದ್ರಾಕ ನಮ್ಮ ಕಡಿ ಬಳ್ಳಾರಿ ಜಾಲಿಗಿಂತ ಒಳ್ಳೆದು ಇಲ್ಲ, ದಂಡಿಗುಂಟ ಬೆಳೆದಿರ್ತೈತಿ, ಅದರ ನೆರಳಾಗ ಕುಂತ್ರ ನಿಮ್ಮ ಆಕಾರ ಒಡೆದು ಹೋಗ್ತೈತಿ. ಮುಳ್ಳು ಮಾತ್ರ ಮಳಕಾಲಿಗೂ ಗಾಡಿ ಟೈರಿಗೂ ಬಿಡೋದಿಲ್ಲ, ಅದಕ್ಕ ಎರಡು ಗೋಣಿ ಚೀಲ ಮಡಚಿ ಒಯ್ರಿ, ಬೈಕ್ ರಸ್ತಾದಾಗ ಬಿಡ್ರಿ. ಬಿಳಿ ಅಂಗಿ ಬ್ಯಾಡ, ಮ್ಯಾಲೊಂದು ಕರಿ ಕಂಬಳಿ ಹೊದ್ಕೊಂಡ್ರ ಚಳಿಗೂ ಆತು, ಮರೆಯಾಗಾಕೂ ಆತು.

ಕುರಿ, ಎಮ್ಮಿ ಮೇಸೋರು ನೀರಿಗೆ ಹತ್ರ ಹೋದ್ರೂ ಬಾತು ಅಷ್ಟು ಹೆದರೋದಿಲ್ಲ ನೋಡಿರ್ಬೇಕು, ದಿನಾ ನೋಡಿ ರೂಢಿ ಆಗಿರ್ತೈತಿ, ಮತ್ತ ಅವರು ಯಾರೂ ನೆಟ್ಟಗ ಬಾತಿನ ಕಡೀನ ದಿಟ್ಟಿಸಿ ನಡಿಯೋದಿಲ್ಲ. ಅವರ ಕೂಡ ಮಾತಾಡ್ರಿ. "ಯಜ್ಮಾನ್ರ, ಮುಂಜಾನಿ ಬಾತು ಯಾವ ಮೂಲಿಗೆ ಇಳೀತಾವ್ರಿ?" ಅಂದ್ರ ಬೆರಳು ಮಾಡಿ ತೋರಿಸ್ತಾರ, ಆ ಜಾಗ ತಪ್ಪೋದು ಅಪರೂಪ. ಹಂಗ ಮೀನು ಹಿಡಿಯೋರು ಹರಗೋಲು ತಗೊಂಡು ಯಾವ ಹೊತ್ತಿಗೆ ಯಾವ ಕಡಿ ಬಲಿ ಎತ್ತತಾರ ಕೇಳಿಟ್ಕೋರಿ, ಅವರು ಆ ಕಡಿ ಹೊಂಟ್ರ ಅಲ್ಲಿದ್ದ ಹಿಂಡು ನಿಧಾನಕ್ಕ ಈ ಕಡಿ ಸರೀತೈತಿ, ನೀವು ಮೊದ್ಲ ಈ ಕಡಿ ಕುಂತಿದ್ರ ಏನೂ ಮಾಡದನ ಹತ್ರ ಬರ್ತಾವ. ನೀವ ಎದ್ದು ಓಡಾಡಬ್ಯಾಡ್ರಿ ಅಷ್ಟ. ಮೇಯೋದು ನಿಲ್ಲಿಸಿ ಎಲ್ಲಾ ಕುತ್ತಿಗಿ ನೆಟ್ಟಗ ಮಾಡಿದ್ವು ಅಂದ್ರ ನಿಮ್ಮನ್ನ ನೋಡ್ಯಾವ, ಅಲ್ಲೇ ಕಲ್ಲಾಗ್ರಿ, ಮತ್ತ ತಲಿ ನೀರಿಗೆ ಹಾಕೋ ತನಕ ಕ್ಯಾಮೆರಾ ಸೈತ ಅಲುಗಾಡಿಸಬ್ಯಾಡ್ರಿ.

ಕ್ಯಾಮೆರಾ ಎತ್ತರ ಬಹಳ ಮುಖ್ಯ. ಏರಿ ಮ್ಯಾಲ ನಿಂತು ಕೆಳಗ ನೋಡಿ ತೆಗದ್ರ ಹಿಂದ ಬರೀ ನೀರು, ಬಾತು ನೀರಿಗೆ ಅಂಟಿಸಿದಂಗ ಕಾಣ್ತೈತಿ. ಕೆಳಗಿಳಿದು ಲೆನ್ಸನ್ನ ನೀರಿನ ಮಟ್ಟಕ್ಕ ತಂದ್ರ ಹಿಂದಿನ ದಂಡಿ ದೂರಾಗಿ ಮಸುಕಾಗ್ತೈತಿ, ಬಾತಿನ ಕಣ್ಣು ನಿಮ್ಮ ಕಣ್ಣಿಗೆ ಸಮ ಬರ್ತೈತಿ. ಟ್ರೈಪಾಡ್ ಇದಕ್ಕ ತೊಂದರಿನ. ಹಳಿ ಜೀನ್ಸ್ ಪ್ಯಾಂಟಿನ ಒಂದು ಕಾಲು ಕತ್ತರಿಸಿ ಎರಡೂ ಬಾಯಿ ಹೊಲಿದು ಒಳಗ ಜೋಳ ತುಂಬಿದ್ರ ಅದ ಬೀನ್ ಬ್ಯಾಗ್, ಲೆನ್ಸ್ ಭಾರಕ್ಕ ಹದವಾಗಿ ಕುಂದ್ರತೈತಿ. ಹೊಟ್ಟು ತುಂಬಬ್ಯಾಡ್ರಿ, ಹಗುರಾಗಿ ಜಾರ್ತೈತಿ. ಬಾಗಿ ನೋಡಾಕ ಆಗದವರು ತಿರುಗೋ ಸ್ಕ್ರೀನ್ ಬಳಸ್ರಿ.

ಲೆನ್ಸ್ ಮಾತಿಗೆ ಬಂದ್ರ, ಸಿಗ್ಮಾ ಅಥವಾ ಟ್ಯಾಮ್ರಾನ್‌ದು 150-600 ಎಂಎಂ, ನಿಕಾನ್ 200-500, ಕ್ಯಾನನ್ 100-400 ಇವುಗಳಾಗ ಯಾವುದಿದ್ರೂ ಕೆರಿ ಬಾತಿಗೆ ಸಾಕು. ನಿಕಾನ್ ಪಿ900, ಪಿ1000 ಥರದ ಝೂಮ್ ಕ್ಯಾಮೆರಾ ಇದ್ದವರೂ ಬೇಜಾರಾಗಬ್ಯಾಡ್ರಿ, ಮುಂಜಾನಿ ಬೆಳಕಾಗ ತೇಲೋ ಬಾತು ಚಂದ ಬರ್ತೈತಿ, ಝೂಮ್ ಪೂರ್ತಿ ಎಳಿಯೋದಕ್ಕಿಂತ ಅರ್ಧಕ್ಕ ನಿಲ್ಲಿಸಿ ತೆಗದ್ರ ಇನ್ನೂ ಶಾರ್ಪ್. ಮೊಬೈಲ್ ಒಂದ ಐತಿ ಅಂದ್ರ ಬಾತನ್ನ ದೊಡ್ಡದು ಮಾಡಾಕ ಹೋಗಬ್ಯಾಡ್ರಿ, ಕೆರಿ, ಗುಡ್ಡ, ಮಂಜು, ಅದರೊಳಗ ಸಣ್ಣ ಹಿಂಡು ಅಂತ ಫ್ರೇಮ್ ಮಾಡ್ರಿ.

ಸೆಟ್ಟಿಂಗ್ ನಾನು ಇಟ್ಕೊಳ್ಳೋದು: ಮ್ಯಾನ್ಯುವಲ್ ಮೋಡ್, ಐಎಸ್‌ಓ ಆಟೋ, ಅಪರ್ಚರ್ 6.3 ಇಲ್ಲಾ 7.1. ಸುಮ್ನ ತೇಲೋದಕ್ಕ ಶಟರ್ 1/640 ಸಾಕು, ಮೇಯೋದು ಜಗಳಾಡೋದು ಇದ್ರ 1/1250, ರೆಕ್ಕಿ ಬಡಿಯೋದಕ್ಕ ಹಾರೋದಕ್ಕ 1/2000 ಇಲ್ಲಾ ಮ್ಯಾಲ. ಫೋಕಸ್ ಕಂಟಿನ್ಯೂಯಸ್, ಹಕ್ಕಿ ಕಣ್ಣು ಹಿಡಿಯೋ ಸೌಲಭ್ಯ ಇದ್ರ ಆನ್ ಮಾಡ್ರಿ, ಇಲ್ಲಾಂದ್ರ ಒಂದ ಪಾಯಿಂಟ್ ಇಟ್ಟು ಕಣ್ಣಿನ ಮ್ಯಾಲ ಹಿಡೀರಿ, ಎಲ್ಲಾ ಪಾಯಿಂಟ್ ಬಿಟ್ರ ಕ್ಯಾಮೆರಾ ಮಿನುಗೋ ಅಲಿ ಮ್ಯಾಲ ಹೋಗಿ ಕುಂದ್ರತೈತಿ.

ಎಕ್ಸ್‌ಪೋಶರ್ ಬಾತಿನಾಗ ಮೋಸ ಮಾಡೋ ಜಾಗ. ನೀರು ಕಪ್ಪಗಿದ್ದು ಬಾತಿನ ಮೈಮ್ಯಾಲ ಬಿಳಿ ಇದ್ರ, ಉದಾಹರಣೆಗೆ ಗಂಡು ಕಾಟನ್ ಟೀಲ್, ಪಿನ್‌ಟೇಲಿನ ಎದಿ, ಶೊವೆಲರಿನ ಎದಿ, ಕ್ಯಾಮೆರಾ ಕಪ್ಪು ನೀರು ನೋಡಿ ಬೆಳಕು ಜಾಸ್ತಿ ಮಾಡ್ತೈತಿ, ಬಿಳಿ ಪುಕ್ಕದ ಗೆರಿ ಎಲ್ಲಾ ಸುಟ್ಟು ಹೋಗ್ತಾವ, ಅದು ತಿರುಗಿ ಬರೋದಿಲ್ಲ. ಅಲ್ಲಿ ಬೆಳಕು ಕಮ್ಮಿ-ಜಾಸ್ತಿ ಮಾಡೋ ಕಾಂಪೆನ್ಸೇಶನ್ -0.7, ಬಿಸಿಲು ಜೋರಾದ್ರ -1. ಆಕಾಶದ ಬಿಳುಪು ಬಿದ್ದ ನೀರಾಗ ಸ್ಪಾಟ್ ಬಿಲ್ ತೇಲಾಕತ್ತಿತ್ತು ಅಂದ್ರ ಉಲ್ಟಾ, +0.7 ಕೊಡ್ರಿ ಇಲ್ಲಾಂದ್ರ ಮೈ ಮ್ಯಾಲಿನ ಮೀನಿನ ಹುರುಪೆ ಥರದ ಡಿಸೈನ್ ಕರಿ ಮುದ್ದಿ ಆಗ್ತೈತಿ. ಬಿಳಿ ಸುಟ್ಟ ಜಾಗ ಮಿನುಗಿಸಿ ತೋರ್ಸೋ ಹೈಲೈಟ್ ವಾರ್ನಿಂಗ್ ಆನ್ ಇಟ್ಟು ಮೊದಲನೇ ಎರಡು ಮೂರು ಫ್ರೇಮ್ ನೋಡ್ರಿ, ರಾ ಫೈಲ್‌ನ್ಯಾಗ ತೆಗೀರಿ.

ನೀರಿನ ಬಣ್ಣ ಅಂತ ಒಂದೈತಿ, ಬಹಳ ಮಂದಿ ಇದರ ಕಡಿ ನೋಡೋದ ಇಲ್ಲ. ನೀರಿಗೆ ತಂದ ಬಣ್ಣ ಇಲ್ಲ, ಎದುರಿನ ದಂಡ್ಯಾಗ ಏನೈತಿ ಅದ ಬೀಳ್ತೈತಿ. ಎದುರಿಗೆ ಜೊಂಡು ಇದ್ರ ನೀರು ಹಸಿರು, ಬರೀ ಆಕಾಶ ಇದ್ರ ಬೂದಿ ಇಲ್ಲಾ ನೀಲಿ. ಆನೆಗುಂದಿ-ಗಂಗಾವತಿ ಕಡಿ ಕೆರಿಗಳಾಗ ಬಂಡಿಗಲ್ಲಿನ ಗುಡ್ಡ ಎದುರಿಗಿದ್ರ ಮುಂಜಾನಿ ಏಳೂವರಿ ಹೊತ್ತಿಗೆ ಬಿಸಿಲು ಬಂಡಿಗೆ ಬಿದ್ದು ನೀರೆಲ್ಲಾ ತಾಮ್ರದ ಬಣ್ಣ ಆಗ್ತೈತಿ, ಅದರೊಳಗ ಒಂದು ಸ್ಪಾಟ್ ಬಿಲ್ ಹಾದು ಹೋದ್ರ ಬ್ಯಾರೆ ಏನೂ ಬ್ಯಾಡ. ಹತ್ತು ಹೆಜ್ಜಿ ಎಡಕ್ಕ ಬಲಕ್ಕ ಸರಿದ್ರ ಹಿನ್ನೆಲಿ ಬಣ್ಣ ಪೂರಾ ಬದಲಾಗ್ತೈತಿ, ಕುಂದ್ರೋಕಿಂತ ಮೊದ್ಲ ಇದನ್ನ ನೋಡ್ರಿ. ಗಾಳಿ ಏಳೋ ಮೊದ್ಲ ನೀರು ಕನ್ನಡಿಯಂಗ ಇದ್ದಾಗ ಕೆಳಗಿನ ಬಿಂಬನೂ ಪೂರಾ ಬರೋ ಹಂಗ ಜಾಗ ಬಿಟ್ಟು ತೆಗೀರಿ, ಅರ್ಧ ಬಿಂಬ ಕತ್ತರಿಸಿದ್ರ ನೋಡಾಕ ಕಸಿವಿಸಿ.

ಈಗ ನನಗ ಬಹಳ ಇಷ್ಟದ ಭಾಗ, ರೆಕ್ಕಿ ಬಡಿಯೋದು. ಇದು ಲಕ್ ಅಂತ ಮಂದಿ ಅಂದ್ಕೊಂಡಾರ, ಅಲ್ಲ, ಬಾತು ಮೊದ್ಲ ಹೇಳ್ತೈತಿ. ಸ್ಪಾಟ್ ಬಿಲ್ ಒಂದನ್ನ ಹಿಡಿದು ನೋಡ್ಕೋತ ಕುಂದ್ರಿ. ಮೇಯೋದು ಮುಗಿಸಿ ಸ್ವಲ್ಪ ಬಯಲು ನೀರಿಗೆ ಬರ್ತೈತಿ, ಆಮ್ಯಾಲ ತಲಿ ಮುಳುಗಿಸಿ ಪಟಕ್ನ ಎತ್ತಿ ನೀರನ್ನ ಬೆನ್ನ ಮ್ಯಾಲ ಉರುಳಿಸ್ತೈತಿ, ಒಂದಲ್ಲ ಎರಡಲ್ಲ, ಮ್ಯಾಲಿಂದ ಮ್ಯಾಲ. ನಡುನಡುವೆ ಅರ್ಧ ರೆಕ್ಕಿ ತೆಗೆದು ನೀರಿಗೆ ಬಡೀತೈತಿ. ಇದು ಸ್ನಾನ. ಇದು ಶುರು ಆತಂದ್ರ ಕ್ಯಾಮೆರಾ ಕಣ್ಣಿಂದ ಇಳಿಸಬ್ಯಾಡ್ರಿ. ಸ್ನಾನ ನಿಂತು ಒಂದು ಕ್ಷಣ ಸುಮ್ನಾಗಿ ಮೈ ಸ್ವಲ್ಪ ಹಿಂದಕ್ಕ ವಾಲಿ ಎದಿ ಮ್ಯಾಲಕ್ಕ ಎದ್ದಂಗ ಆತು ಅಂದ್ರ ಅದ ಕ್ಷಣ, ಬಟನ್ ಒತ್ರಿ, ನೀರ ಮ್ಯಾಲ ನಿಂತಂಗ ನೆಟ್ಟಗ ಎದ್ದು ಮೂರ್ನಾಲ್ಕು ಸಲ ರೆಕ್ಕಿ ಪೂರಾ ಬಿಚ್ಚಿ ಬಡೀತೈತಿ, ಹನಿ ಸುತ್ತಲೂ ಸಿಡೀತಾವ. ಮುಗಿದ ಮ್ಯಾಲ ಕುಂತು ಬಾಲ ಅಲ್ಲಾಡಿಸ್ತೈತಿ, ಅಲ್ಲಿಗೆ ಮುಗೀತು. ಇಲ್ಲಿ ಮಂದಿ ಕಳ್ಕೊಳ್ಳೋದು ಫ್ರೇಮ್‌ನ್ಯಾಗ, ತೇಲೋ ಬಾತಿಗೆ ಬಿಗಿಯಾಗಿ ಝೂಮ್ ಮಾಡಿರ್ತಾರ, ರೆಕ್ಕಿ ಬಿಚ್ಚಿದಾಗ ತುದಿ ಎರಡೂ ಹೊರಗ. ಸ್ನಾನ ಕಂಡ ಕೂಡ್ಲೆ ಝೂಮ್ ಹಿಂದಕ್ಕ ತಗೋರಿ, ಮೈಯ ಎರಡರಷ್ಟು ಜಾಗ ಎಡಕ್ಕ ಬಲಕ್ಕ ಬಿಡ್ರಿ, ಮ್ಯಾಲೂ ಬಿಡ್ರಿ, ಶಟರ್ 1/2000ಕ್ಕ ಏರಿಸ್ರಿ. ಒಂದು ಬಾತು ಸ್ನಾನ ಶುರು ಮಾಡಿದ್ರ ಪಕ್ಕದಾವೂ ಮಾಡ್ತಾವ, ಅದಕ್ಕ ಮೊದಲನೇದು ತಪ್ಪಿದ್ರ ಎರಡನೇದಕ್ಕ ರೆಡಿ ಇರ್ರಿ.

ರೆಕ್ಕಿ ಬಿಚ್ಚಿದ ಫೋಟೋ ಚಂದಕ್ಕ ಅಷ್ಟ ಅಲ್ಲ, ಗುರ್ತು ಹಿಡಿಯಾಕೂ ಬೇಕು. ಮುಚ್ಚಿದ ರೆಕ್ಕಿಯಾಗ ಹೆಣ್ಣು ಬಾತುಗಳೆಲ್ಲಾ ಒಂದ ಥರ, ಬಿಚ್ಚಿದ್ರ ಒಳಗಿನ ಬಣ್ಣದ ಪಟ್ಟಿ ಕಾಣ್ತೈತಿ. ಗ್ಯಾಡ್ವಾಲ್‌ಗೆ ಬಿಳಿ ಚೌಕ, ಸ್ಪಾಟ್ ಬಿಲ್‌ಗೆ ಹಸಿರು ಪಟ್ಟಿ ಬಿಳಿ ಅಂಚಿನ ಕೂಡ, ಗಂಡು ಶೊವೆಲರ್‌ಗೆ ರೆಕ್ಕಿಯ ಮುಂಭಾಗ ತಿಳಿ ನೀಲಿ.

ಒಂದೊಂದು ಜಾತಿಗೆ ಒಂದೊಂದು ಸ್ವಭಾವ ಐತಿ, ಅದು ಗೊತ್ತಿದ್ರ ಕಾಯೋದು ಸುಲಭ. ಶೊವೆಲರ್ ಅಗಲ ಕೊಕ್ಕನ್ನ ನೀರಾಗ ಇಟ್ಟು ಆ ಕಡಿ ಈ ಕಡಿ ಸವರ್ಕೋತ ಹೋಗ್ತೈತಿ, ಹಿಂಡು ಕೂಡಿ ಗುಂಡಗ ಸುತ್ತತಾವ, ತಲಿ ಕೆಳಗಿದ್ದಾಗ ತೆಗದ್ರ ಕೊಕ್ಕ ಇಲ್ಲದ ಬಾತು, ಒಂದು ನಡುನಡುವೆ ತಲಿ ಎತ್ತತೈತಿ, ಕೊಕ್ಕಿನ ಬದಿಯಿಂದ ನೀರು ಸೋರ್ತಿರ್ತೈತಿ, ಅವಾಗ. ಅದರ ಹಸಿರು ತಲಿ ಬೆಳಕಿನ ಕೋನಕ್ಕ ತಕ್ಕಂಗ ಕರೀದೂ ಆಗ್ತೈತಿ, ಸ್ವಲ್ಪ ತಿರುಗಿದ್ರ ಹಸಿರು ಮಿಂಚ್ತೈತಿ, ಸೂರ್ಯ ಬೆನ್ನಿಗಿರಲಿ ಅಂದಿದ್ದು ಇದಕ್ಕೂ. ಪಿನ್‌ಟೇಲ್ ಬಾಲ ಉದ್ದ, ಹಿಂದ ಜಾಗ ಬಿಡ್ರಿ. ಸಿಳ್ಳೆ ಬಾತು ಹಗಲು ಹಿಂಡು ಕಟ್ಟಿ ತೂಕಡಿಸ್ತಾವ, ಕತ್ತಲಾಗೋ ಹೊತ್ತಿಗೆ ಸಿಳ್ಳೆ ಹಾಕ್ಕೋತ ಗದ್ದಿ ಕಡಿ ಹಾರ್ತಾವ, ಅವಕ್ಕ ಸಂಜಿ ಸಿಲೌಟ್ ಹೊಂದತೈತಿ. ಕಾಟನ್ ಟೀಲ್ ಸಣ್ಣದು, ತಾವರಿ ಎಲಿ, ಜಲಸಸ್ಯ ಇರೋ ಕೆರ್ಯಾಗ ಹುಡುಕ್ರಿ. ನಾಮದ ಕೋಳಿ, ಗುಳುಮುಳಕ ಬಾತು ಅಲ್ಲ ಖರೆ, ಆದ್ರ ಕೈ ಪಳಗಾಕ ಅವಕ್ಕಿಂತ ಒಳ್ಳೆವು ಇಲ್ಲ. ಮೇಲ್ನೀರಾಗ ಮೇಯೋ ಬಾತುಗಳು ಸ್ಪ್ರಿಂಗ್ ಒತ್ತಿ ಬಿಟ್ಟಂಗ ನೆಟ್ಟಗ ಏಳ್ತಾವ, ನಾಮದ ಕೋಳಿ, ಪೋಚರ್ಡ್ ಅನ್ನೋ ಮುಳುಗು ಬಾತು ನೀರ ಮ್ಯಾಲ ಓಡಿ ಏಳ್ತಾವ, ಓಡೋದಕ್ಕ ಪ್ಯಾನ್ ಮಾಡೋದು, ಅಂದ್ರ ಅದರ ಜೊತಿಗೆ ಕ್ಯಾಮೆರಾ ತಿರುಗಿಸೋದು ಸುಲಭ. ಕೊಯ್ಲಾದ ಗದ್ಯಾಗ ಕೋಲು ಹಿಡಿದ ಮನುಷ್ಯನ ಮುಂದ ದೊಡ್ಡ ಹಿಂಡು ಕಂಡ್ರ ಅವು ಮೇಸಾಕ ತಂದ ಸಾಕಿದ ಬಾತು.

ನಮ್ಮ ಬಿಸಿಲು ಗೊತ್ತ ಐತಿ. ಜನವರಿಯಾಗೂ ಒಂಬತ್ತೂವರಿ ದಾಟಿದ್ರ ನೀರ ಮ್ಯಾಲಿನ ಗಾಳಿ ಕುದ್ದಂಗ ಅಲುಗಾಡ್ತೈತಿ, ದೂರದ ಬಾತು ಎಷ್ಟು ದುಬಾರಿ ಲೆನ್ಸ್ ಹಾಕಿದ್ರೂ ಮಸುಕು. ಫೋಕಸ್ ಕೆಟ್ಟೈತಿ ಅಂತ ಲೆನ್ಸ್ ಸರ್ವಿಸ್‌ಗೆ ಕೊಡೋ ಮೊದ್ಲ ಅದ ಬಾತನ್ನ ಮುಂಜಾನಿ ಏಳಕ್ಕ ತೆಗೆದು ನೋಡ್ರಿ. ಒಂಬತ್ತೂವರಿಗೆ ಗಂಟು ಕಟ್ಟಿ ಮಿರ್ಚಿ-ಮಂಡಕ್ಕಿ ತಿನ್ನಾಕ ಹೋಗೋದು ಒಳ್ಳೆದು. ನವೆಂಬರ್-ಡಿಸೆಂಬರ್‌ದಾಗ ಭತ್ತದ ಹುಲ್ಲು ಸುಡೋ ಹೊಗಿ ನೀರ ಮ್ಯಾಲ ಕುಂತಿರ್ತೈತಿ, ಹೊಗಿ ತೆಳ್ಳಗಿದ್ರ ಬೆಳಕು ಮೆತ್ತಗಾಗ್ತೈತಿ, ದಪ್ಪಾದ್ರ ಹತ್ರದಾವು ಮಾತ್ರ ತೆಗೀರಿ. ಸಂಡೂರು ಕಡಿ ಕೆಂಪು ಧೂಳು ಇರೋ ಕಡಿ ಲೆನ್ಸ್ ಬದಲಿಸಬ್ಯಾಡ್ರಿ.

ಜೀವದ ಮಾತು. ತುಂಗಭದ್ರಾ, ಕೃಷ್ಣಾ ಎರಡರಾಗೂ ಮೊಸಳಿ ಅದಾವ, ರಾಯಚೂರು ಕಡಿ ಕೃಷ್ಣಾ ದಂಡಿ ಊರಿನವರನ್ನ ಕೇಳ್ರಿ ಹೇಳ್ತಾರ. ನೀರಿನ ಮಟ್ಟಕ್ಕ ಇಳಿದು ತೆಗೀರಿ ಅಂತ ಮೊದ್ಲ ಹೇಳಿದ್ದು ಸಣ್ಣ ಕೆರಿಗೆ, ನದಿ ದಂಡ್ಯಾಗ ನೀರಿಂದ ದೂರ, ಎತ್ತರದ ಕಲ್ಲಿನ ಮ್ಯಾಲ ಕುಂದ್ರಿ. ಮುದ್ಲಾಪುರದಿಂದ ಕಂಪ್ಲಿ ತನಕ 34 ಕಿಲೋಮೀಟರ್ ತುಂಗಭದ್ರೆಯನ್ನ 2015ರಾಗ ನೀರುನಾಯಿ ಸಂರಕ್ಷಣಾ ಮೀಸಲು ಮಾಡ್ಯಾರ, ಅಲ್ಲಿ ಅರಣ್ಯ ಇಲಾಖೆಯವರನ್ನ ಕೇಳಿ ಹೋಗ್ರಿ. ಗದ್ದಿ ಬದುವಿನ್ಯಾಗ ಮಂಡಲದ ಹಾವು ಇರ್ತೈತಿ, ನಸಕಿನ್ಯಾಗ ಬ್ಯಾಟರಿ ಹಾಕ್ಕೊಂಡ ನಡೀರಿ, ಬೂಟು ಇರ್ಲಿ. ಕಾಲುವಿಯ ಸಿಮೆಂಟ್ ಇಳಿಜಾರಿಗೆ ಇಳೀಲೇಬ್ಯಾಡ್ರಿ, ಪಾಚಿ ಕಟ್ಟಿರ್ತೈತಿ, ಜಾರಿದ್ರ ಹಿಡಿಯಾಕ ಏನೂ ಇಲ್ಲ. ಡ್ಯಾಮಿನ ಕಟ್ಟಿ ಕಡಿ ದೊಡ್ಡ ಲೆನ್ಸ್ ತಿರುಗಿಸಬ್ಯಾಡ್ರಿ.

ಮತ್ತ ಕೈ ಮುಗಿದು ಕೇಳ್ತೀನಿ, ಹಾರೋ ಫೋಟೋಕ್ಕ ಅಂತ ಕಲ್ಲು ಒಗೆದು, ಚಪ್ಪಾಳಿ ಹೊಡೆದು, ಡ್ರೋನ್ ಬಿಟ್ಟು ಹಿಂಡು ಎಬ್ಬಿಸಬ್ಯಾಡ್ರಿ. ಸಾವಿರಾರು ಕಿಲೋಮೀಟರ್ ಹಾರಿ ಬಂದು ಮತ್ತ ಅಷ್ಟ ಹಾರಿ ಹೋಗಾಕ ಕೊಬ್ಬು ಕೂಡಿಸ್ಕೊಳ್ಳಾಕತ್ತಿರ್ತಾವ, ಪ್ರತಿ ಸಲ ಎಬ್ಬಿಸಿದಾಗ ಅದ ಕರಗ್ತೈತಿ. ಹೆದರಿ ಎದ್ದ ಬಾತು ಹೆಂಗೂ ನಿಮಗ ಬೆನ್ನ ತೋರಿಸ್ತೈತಿ, ತಾನಾಗೇ ಎದ್ದಿದ್ದು ಗಾಳಿ ಕಡಿ, ಅಂದ್ರ ನಿಮ್ಮ ಕಡಿ ಬರ್ತೈತಿ. ಏಳೋ ಮೊದ್ಲ ತಲಿ ಮ್ಯಾಲ ಕೆಳಗ ಕುಕ್ತೈತಿ, ಕುತ್ತಿಗಿ ಉದ್ದ ಮಾಡ್ತೈತಿ, ಒಂದರ ಹಿಂದ ಒಂದು ಹಂಗ ಮಾಡಾಕತ್ತಿದ್ರ ಬೆರಳು ಬಟನ್ ಮ್ಯಾಲ ಇರ್ಲಿ. ಮರಿ ಇರೋ ತಾಯಿ ಸ್ಪಾಟ್ ಬಿಲ್ ರೆಕ್ಕಿ ಮುರಿದಂಗ ನೀರಾಗ ಒದ್ದಾಡ್ತೈತಿ ಅಂದ್ರ ನಿಮ್ಮನ್ನ ಮರಿಯಿಂದ ದೂರ ಎಳಿಯಾಕ, ಫೋಟೋ ಬಿಟ್ಟು ಹಿಂದ ಸರೀರಿ. ಬಲಿ, ವಿಷದ ಕಾಳು ಕಂಡ್ರ ಫೋಟೋ ತೆಗೆದು ಜಾಗದ ಲೊಕೇಶನ್ ಕೂಡ ಅರಣ್ಯ ಇಲಾಖೆಗೆ ಕಳಿಸ್ರಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಕಾಡು ಬಾತು ಬೇಟೆ ಅಪರಾಧ.

ಮನಿಗೆ ಬಂದು ಫೋಟೋ ಆರಿಸೋವಾಗ ಚಂದ ಇಲ್ಲಂತ ಎಲ್ಲಾ ಡಿಲೀಟ್ ಮಾಡಬ್ಯಾಡ್ರಿ. ದೂರದ ಹಿಂಡಿನ ಅಗಲ ಫೋಟೋ ಒಂದು ಇಟ್ಕೋರಿ, ಎಣಿಕಿಗೆ ಬರ್ತೈತಿ. ಊರು, ಕೆರಿ, ತಾರೀಖು ಬರೆದು ಹಕ್ಕಿ ಲೆಕ್ಕ ಇಡೋ ಇ-ಬರ್ಡ್ ವೆಬ್‌ಸೈಟಿಗೆ ಹಾಕ್ರಿ, ಪ್ರತಿ ಜನವರಿ ಏಷ್ಯನ್ ವಾಟರ್‌ಬರ್ಡ್ ಸೆನ್ಸಸ್ ಅಂತ ನೀರಹಕ್ಕಿ ಗಣತಿ ನಡೀತೈತಿ, ನಮ್ಮ ಸಣ್ಣ ಕೆರಿಗಳ ಹೆಸರು ಅಂಥಾ ಪಟ್ಟಿಯೊಳಗ ಬರಬೇಕಂದ್ರ ಹಿಂಗ ಬರೆದು ಹಾಕೋರು ಇರಬೇಕು. ಅಪರೂಪದ್ದು ಏನಾರ ಸಿಕ್ಕು ಅದು ಗೂಡು ಕಟ್ಟಿತ್ತು ಅಂದ್ರ ಮಾತ್ರ ಜಾಗದ ಹೆಸರು ಗ್ರೂಪ್‌ನ್ಯಾಗ ಹಾಕಬ್ಯಾಡ್ರಿ, ಮರುದಿನ ಮುಂಜಾನಿ ದಂಡ್ಯಾಗ ಇಪ್ಪತ್ತು ಮಂದಿ ನಿಂತಿರ್ತಾರ.